ಪ್ರೊಫೆಸರ್ ಸಿ. ಆರ್. ರಾವ್ ಮತ್ತು ನಮ್ಮ ಶಾಲೆಯ ಗಣಿತ ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ನಾನು ಹಳೆಯ ನೆನಪುಗಳನ್ನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ತಗಡಿನ ಮಾಡಿನ ಕೆಳಗೆ ಮೊದಲನೆಯ ತರಗತಿ ಆರಂಭವಾದದ್ದು, ಊರ ಹಿರಿಯರು ಶೇಂಗಾ ಮಾರಿದ ಹಣದಲ್ಲಿ ಪಾಲು ತೆಗೆದಿಟ್ಟು ಕೋಣೆಗಳನ್ನು ಕಟ್ಟಿಸಿದ್ದು, ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿದ್ದಾರೆ. ನಾನು ಬೇರೊಂದು ಮಾತನ್ನು ಹೇಳಬೇಕೆಂದಿದ್ದೇನೆ. ಅದು ಒಬ್ಬ ಮಹಾ ಗಣಿತಜ್ಞರ ಜೀವನಕ್ಕೆ ಸಂಬಂಧಿಸಿದ್ದು. ಅವರ ಮೂಲಕ ನಮ್ಮ ಶಾಲೆಯ ಮುಂದಿನ ದಾರಿಗೂ ಸಂಬಂಧಿಸಿದ್ದು. ಓದುಗರು ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ವಿನಂತಿ.

ಆ ಗಣಿತಜ್ಞರ ಹೆಸರು ಕಲ್ಯಂಪೂಡಿ ರಾಧಾಕೃಷ್ಣ ರಾವ್. ಜಗತ್ತು ಅವರನ್ನು ಸಿ. ಆರ್. ರಾವ್ ಎಂದು ಬಲ್ಲದು. 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ಜನಿಸಿದರು. ಅಂದು ಹಡಗಲಿಯೂ ನಮ್ಮ ಆದವಾನಿಯೂ ಆಲೂರೂ ರಾಯದುರ್ಗವೂ ಒಂದೇ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಎಲ್ಲವೂ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಆದವಾನಿ, ಆಲೂರು, ರಾಯದುರ್ಗಗಳು ಈ ಕಡೆ ಉಳಿದವು. ಹಡಗಲಿ ಮೈಸೂರು ರಾಜ್ಯಕ್ಕೆ ಹೋಯಿತು. ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ. ಆಗ ನನಗೆ ಮೂರು ವರ್ಷ. ನಾನು ಹುಟ್ಟಿದ ಮನೆ ಇದ್ದಲ್ಲಿಯೇ ಇತ್ತು. ರಾಜ್ಯ ಮಾತ್ರ ಬದಲಾಯಿತು.

ರಾವ್ ಅವರದು ತೆಲುಗು ಮನೆತನ. ತಂದೆ ದೊರೆಸ್ವಾಮಿ ನಾಯುಡು ಪೊಲೀಸ್ ಇನ್ಸ್‌ಪೆಕ್ಟರ್. ಕೆಲಸದ ನಿಮಿತ್ತ ಊರೂರು ಸುತ್ತುತ್ತಿದ್ದವರು. ಹಡಗಲಿಯಲ್ಲಿ ಹುಟ್ಟಿದರೆಂಬ ಒಂದೇ ಕಾರಣದಿಂದ ಅವರನ್ನು ಕನ್ನಡಿಗರ ಪಟ್ಟಿಗೆ ಸೇರಿಸಿಕೊಳ್ಳುವ ಹಂಬಲ ನನಗಿಲ್ಲ. ಅಂತಹ ಹಂಬಲ ಎಷ್ಟು ಪೊಳ್ಳೆಂಬುದನ್ನು ಗಡಿನಾಡಿನವರಾದ ನಾವು ಎಲ್ಲರಿಗಿಂತ ಚೆನ್ನಾಗಿ ಬಲ್ಲೆವು. ಇಂದಿನ ಕರ್ನಾಟಕದ ನೆಲದಲ್ಲಿ ಹುಟ್ಟಿದ ತೆಲುಗರು ಅವರು. ಇಂದಿನ ಆಂಧ್ರದ ನೆಲದಲ್ಲಿ ಹುಟ್ಟಿದ ಕನ್ನಡಿಗರು ನಾವು. ನಕ್ಷೆಯ ಗೆರೆಯೂ ಮನೆಯ ಮಾತೂ ಒಂದೇ ಸಾಲಿನಲ್ಲಿ ಸಾಗುವುದಿಲ್ಲ. ನಾನು ಅವರ ಕುರಿತು ಬರೆಯುವುದು ಅವರು ನಮ್ಮವರೆಂದಲ್ಲ, ಅವರ ಬಾಳಿನಲ್ಲಿ ನಡೆದ ಒಂದು ಘಟನೆ ನನ್ನಂತಹ ಉಪಾಧ್ಯಾಯನನ್ನು ನಾಚುವಂತೆ ಮಾಡಿತೆಂದು.

ನಾನು ಕನ್ನಡ ಮಾಧ್ಯಮದ ಮೆಟ್ರಿಕ್ ಮುಗಿಸಿ, ಶಿಕ್ಷಕ ತರಬೇತಿ ಪಡೆದು, ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು. ಉನ್ನತ ಗಣಿತವನ್ನು ನಾನು ಕಲಿತವನಲ್ಲ. 2023ರ ಆಗಸ್ಟ್ 22ರಂದು ರಾವ್ ಅವರು ತಮ್ಮ 102ನೆಯ ವಯಸ್ಸಿನಲ್ಲಿ ಅಮೆರಿಕದಲ್ಲಿ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದಿತು. ಸಂಖ್ಯಾಶಾಸ್ತ್ರ ಓದಿ ಈಗ ಬ್ಯಾಂಕಿನಲ್ಲಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಆ ದಿನಗಳಲ್ಲಿ ಊರಿಗೆ ಬಂದಿದ್ದರು. ರಾವ್ ಅವರ ‘ಸ್ಟಾಟಿಸ್ಟಿಕ್ಸ್ ಅಂಡ್ ಟ್ರೂತ್’ ಎಂಬ ಪುಸ್ತಕವನ್ನು ನನ್ನ ಕೈಗಿತ್ತು, ನಾಲ್ಕಾರು ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು ವಿವರಿಸಿದರು. ಕಲಿಸಿದವನು ಕಲಿತವನಿಂದ ಕಲಿತ ಸಂಜೆಗಳವು. ಮುಂದೆ ನಾನು ಬರೆಯುವುದೆಲ್ಲ ಆ ಸಂಜೆಗಳ ಫಲ.

ಆ ಪುಸ್ತಕದ ಅರ್ಪಣೆ ತಾಯಿಗೆ. ತಾಯಿ ಲಕ್ಷ್ಮೀಕಾಂತಮ್ಮ ಮಗನನ್ನು ದಿನವೂ ಬೆಳಗಿನ ನಾಲ್ಕು ಗಂಟೆಗೆ ಎಬ್ಬಿಸಿ, ಎಣ್ಣೆಯ ದೀಪ ಹಚ್ಚಿಟ್ಟು, ಮನಸ್ಸು ತಿಳಿಯಾಗಿರುವ ಆ ಹೊತ್ತಿನಲ್ಲಿ ಓದಲು ಕೂರಿಸುತ್ತಿದ್ದರಂತೆ. ಹತ್ತು ಮಕ್ಕಳಲ್ಲಿ ರಾಧಾಕೃಷ್ಣ ಎಂಟನೆಯವನು. ಎಂಟನೆಯ ಮಗುವಾದುದರಿಂದಲೇ ಕೃಷ್ಣನ ಹೆಸರು. ಹತ್ತು ಮಕ್ಕಳ ತಾಯಿಗೆ ಬೆಳಗಿನ ನಿದ್ರೆ ಎಷ್ಟು ಅಮೂಲ್ಯವಾಗಿದ್ದಿರಬೇಕೆಂಬುದನ್ನು ಓದುಗರು, ಅದರಲ್ಲೂ ನಮ್ಮ ತಾಯಂದಿರು, ಊಹಿಸಬಲ್ಲರು. ಲೋಕವಿಖ್ಯಾತ ವಿದ್ವಾಂಸರು ತಮ್ಮ ಜ್ಞಾನದ ದಾಹಕ್ಕೆ ಮೂಲವೆಂದು ನೆನೆದದ್ದು ಆ ದೀಪವನ್ನು.

ಅವರ ದಾರಿ ಆರಂಭದಲ್ಲಿ ಸುಗಮವಾಗಿರಲಿಲ್ಲ. ಆಂಧ್ರ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೇಲೆ ಸಂಶೋಧನ ವಿದ್ಯಾರ್ಥಿವೇತನಕ್ಕೆ ಹಾಕಿದ ಅರ್ಜಿ, ಗಡುವು ಮೀರಿ ತಲುಪಿತೆಂಬ ಕಾರಣಕ್ಕೆ ತಿರಸ್ಕೃತವಾಯಿತು. ಯುದ್ಧದ ಕಾಲ. ಸೈನ್ಯದ ಒಂದು ವಿಭಾಗದಲ್ಲಿ ಗಣಿತ ಬಲ್ಲವರು ಬೇಕಾಗಿದ್ದಾರೆಂದು ತಿಳಿದು ಸಂದರ್ಶನಕ್ಕಾಗಿ ಕಲ್ಕತ್ತೆಗೆ ಹೋದರು, ಅದೂ ಕೈಗೂಡಲಿಲ್ಲ. ಆದರೆ ಅಲ್ಲಿ ಪರಿಚಯವಾದ ಒಬ್ಬರಿಂದ, ಪ್ರಶಾಂತ ಚಂದ್ರ ಮಹಾಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಷಯ ತಿಳಿಯಿತು. 1941ರ ಜನವರಿ 1ರಂದು ರಾವ್ ಅಲ್ಲಿ ಸೇರಿದರು. ಎರಡು ಬಾಗಿಲು ಮುಚ್ಚಿದ್ದರಿಂದ ಮೂರನೆಯ ಬಾಗಿಲು ಕಣ್ಣಿಗೆ ಬಿದ್ದಿತು. 1943ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ಪಡೆದರು, ಆ ವಿಷಯದಲ್ಲಿ ಅಲ್ಲಿ ಹೊರಬಂದ ಮೊದಲ ತಂಡವೇ ಅವರದು. ಬಳಿಕ ಅಲ್ಲಿಯೇ ಪಾಠ ಹೇಳತೊಡಗಿದರು.

ನಾನು ಹೇಳಬೇಕೆಂದಿರುವ ಘಟನೆ ಇಲ್ಲಿ ಬರುತ್ತದೆ. 1944ರ ಸುಮಾರಿನ ಒಂದು ದಿನ ರಾವ್ ಎಂ.ಎ. ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದರು. ಇಂಗ್ಲೆಂಡಿನ ಆರ್. ಎ. ಫಿಶರ್ ಅವರು, ಎಣಿಕೆಗೆ ತೆಗೆದುಕೊಂಡ ಮಾದರಿ ಬಹಳ ದೊಡ್ಡದಾಗಿದ್ದಾಗ ಅಂದಾಜಿನ ತಪ್ಪು ಒಂದು ಮಿತಿಗಿಂತ ಕೆಳಗೆ ಇಳಿಯಲಾರದೆಂದು ತೋರಿಸಿದ್ದರು. ರಾವ್ ಅದನ್ನು ವಿವರಿಸುತ್ತಿದ್ದಾಗ, ಮುಂದೆ ಹೆಸರಾಂತ ಅರ್ಥಶಾಸ್ತ್ರಜ್ಞರಾದ ವಿ. ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಎದ್ದು ನಿಂತು, ಮಾದರಿ ಚಿಕ್ಕದಾಗಿದ್ದರೂ ಇಂತಹುದೊಂದು ಮಿತಿಯನ್ನು ಸಾಧಿಸಬಹುದಲ್ಲವೇ ಎಂದು ಕೇಳಿದರು. ಉಪಾಧ್ಯಾಯರ ಬಳಿ ಉತ್ತರವಿರಲಿಲ್ಲ. ಅವರ ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ‘ಪಠ್ಯದಲ್ಲಿಲ್ಲದ್ದು ನಿನಗೇಕೆ?’ ಎನ್ನಲು ಬೇಕಾದಷ್ಟು ಅಧಿಕಾರವಿತ್ತು. ಅವರು ಹಾಗೆನ್ನಲಿಲ್ಲ. ಪ್ರಶ್ನೆಯನ್ನು ಮನೆಗೆ ಕೊಂಡೊಯ್ದರು. ರಾತ್ರಿಯೆಲ್ಲ ಅದರ ಮೇಲೆ ಕುಳಿತು, ಮರುದಿನ ಉತ್ತರದೊಡನೆ ತರಗತಿಗೆ ಬಂದರು. ಆ ಉತ್ತರ 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಸೇರಿ, ಇಂದು ಜಗತ್ತಿನ ಪ್ರತಿಯೊಬ್ಬ ಸಂಖ್ಯಾಶಾಸ್ತ್ರ ವಿದ್ಯಾರ್ಥಿಯೂ ಓದುವ ಸಿದ್ಧಾಂತವಾಗಿದೆ. ಸ್ವೀಡನ್ನಿನ ಹರಾಲ್ಡ್ ಕ್ರಾಮೆರ್ ಅವರೂ ಸ್ವತಂತ್ರವಾಗಿ ಅದನ್ನು ಕಂಡುಕೊಂಡಿದ್ದರಿಂದ ಅದಕ್ಕೆ ಕ್ರಾಮೆರ್–ರಾವ್ ಮಿತಿ ಎಂದು ಹೆಸರು.

ಅದೇನೆಂಬುದನ್ನು ನಮ್ಮ ಮಾರುಕಟ್ಟೆಯ ಮಾತಿನಲ್ಲಿ ಹೇಳಲು ಯತ್ನಿಸುತ್ತೇನೆ. ಶೇಂಗಾ ಕೊಳ್ಳುವವನು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಸುಲಿದು, ಕಾಳೆಷ್ಟು ಸಿಪ್ಪೆಯೆಷ್ಟು ಎಂದು ನೋಡಿ ಇಡೀ ರಾಶಿಗೆ ಬೆಲೆ ಕಟ್ಟುತ್ತಾನೆ. ಒಂದು ಹಿಡಿಗಿಂತ ಹತ್ತು ಹಿಡಿ ನೋಡುವುದು ಮೇಲು. ಆದರೆ ಹತ್ತೇ ಹಿಡಿ ಎಂದು ನಿಗದಿಯಾದ ಮೇಲೆ, ವ್ಯಾಪಾರಿ ಎಷ್ಟೇ ಜಾಣನಾಗಿರಲಿ, ಎಂತಹ ಚಮತ್ಕಾರದ ಲೆಕ್ಕವನ್ನೇ ಹಾಕಲಿ, ಯಾವ ಕಡೆಗೂ ವಾಲದೆ ಮಾಡಿದ ಅಂದಾಜಿನ ಏರಿಳಿತವು ಒಂದು ಮಿತಿಗಿಂತ ಕಡಿಮೆಯಾಗದು. ಆ ಮಿತಿಯನ್ನು ನಿರ್ಧರಿಸುವುದು ಆ ಹತ್ತು ಹಿಡಿಗಳಲ್ಲಿ ಅಡಗಿರುವ ಮಾಹಿತಿ. ಮಿತಿಯನ್ನು ಮುಟ್ಟಿದ ವಿಧಾನ ನಿಮ್ಮಲ್ಲಿದ್ದರೆ, ಅದಕ್ಕಿಂತ ಕರಾರುವಾಕ್ಕಾದುದನ್ನು ಹುಡುಕಿ ಹೊತ್ತು ಕಳೆಯಬೇಕಾಗಿಲ್ಲ. ನಾನು ಎಷ್ಟು ಬಲ್ಲೆ ಎಂಬುದಕ್ಕಿಂತ, ಇಷ್ಟು ನೋಡಿ ಎಷ್ಟನ್ನು ಬಲ್ಲವನಾಗಬಹುದು ಎಂಬುದನ್ನು ತಿಳಿಸುವ ವಿದ್ಯೆ ಇದು.

ಅದೇ ಲೇಖನದಲ್ಲಿ ಇನ್ನೊಂದು ತತ್ತ್ವವೂ ಇದೆ. ಐದು ಚೀಲಗಳಿಂದ ಐದು ಹಿಡಿ ತೆಗೆದವನು ಮೊದಲನೆಯ ಹಿಡಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಬೆಲೆ ಹೇಳಿದನೆನ್ನಿ. ಯಾವ ಹಿಡಿ ಮೊದಲು ಬಂದಿತೆಂಬುದು ಬರಿಯ ಆಕಸ್ಮಿಕ. ಆ ಆಕಸ್ಮಿಕವನ್ನು ತೊಡೆದುಹಾಕಿ ಐದನ್ನೂ ಸಮನಾಗಿ ಕಂಡರೆ ಅಂದಾಜು ಸುಧಾರಿಸುತ್ತದೆ. ಇಂತಹ ಸುಧಾರಣೆಗೆ ಸಾಮಾನ್ಯ ಮಾರ್ಗವೊಂದುಂಟು, ಅದರಿಂದ ಅಂದಾಜು ಎಂದೂ ಕೆಡದು ಎಂದು ಅವರು ತೋರಿಸಿದರು. 1947ರಲ್ಲಿ ಅಮೆರಿಕದ ಡೇವಿಡ್ ಬ್ಲ್ಯಾಕ್‌ವೆಲ್ ಅವರೂ ಇದನ್ನು ಕಂಡುಕೊಂಡಿದ್ದರಿಂದ ಇದು ರಾವ್–ಬ್ಲ್ಯಾಕ್‌ವೆಲ್ ಪ್ರಮೇಯ. ಒಂದು ಸಮುದಾಯಕ್ಕೂ ಇನ್ನೊಂದಕ್ಕೂ ಇರುವ ಅಂತರವನ್ನು, ಬಾಗಿದ ಮೈಯ ಮೇಲೆ ದೂರ ಅಳೆದಂತೆ ಜ್ಯಾಮಿತಿಯಿಂದ ಅಳೆಯಬಹುದೆಂಬ ಮೂರನೆಯ ವಿಚಾರವೂ ಅಲ್ಲಿಯೇ ಇದೆ. ಹೀಗೆ ಇಪ್ಪತ್ತೈದರ ತರುಣನ ಒಂದೇ ಲೇಖನದಲ್ಲಿ ಮೂರು ದೊಡ್ಡ ಬೀಜಗಳಿದ್ದವು. ಅವುಗಳಲ್ಲೊಂದು ಮೊಳೆತದ್ದು ವಿದ್ಯಾರ್ಥಿಯ ಪ್ರಶ್ನೆಯಿಂದ.

ಈಗ ನನ್ನ ತರಗತಿಗೆ ಬರುತ್ತೇನೆ. ಶಾಲೆ ಆರಂಭವಾಗಿ ಕೆಲವೇ ವರ್ಷಗಳಾಗಿದ್ದವು. ಏಳನೆಯ ತರಗತಿಗೆ ಸರಾಸರಿಯ ಪಾಠ. ನಾಲ್ಕು ಮನೆಗಳಲ್ಲಿ ಒಟ್ಟು ಹತ್ತು ಎತ್ತುಗಳಿದ್ದರೆ ಮನೆಗೆ ಸರಾಸರಿ ಎಷ್ಟು ಎಂದು ಹಲಗೆಯ ಮೇಲೆ ಬರೆದೆ. ಎರಡೂವರೆ ಎಂದು ಉತ್ತರ ಬಂದಿತು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, “ಸಾರ್, ಹಂಗಾದ್ರ ಆ ಅರ್ಧ ಎತ್ತು ಯಾರ ಮನ್ಯಾಗ ಕಟ್ಟ್ಯಾರ್ರೀ?” ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ಅವನು ನಗಿಸಲು ಕೇಳಿದನೆಂದು ನಾನು ತಿಳಿದೆ. ಗದರಿಸಿ, ಗಂಟೆ ಹೊಡೆಯುವವರೆಗೂ ಬೆಂಚಿನ ಮೇಲೆ ನಿಲ್ಲಿಸಿದೆ. ನಿಂತಿದ್ದವನ ಮುಖದಲ್ಲಿ ತುಂಟತನವಿರಲಿಲ್ಲ, ದಿಗಿಲಿತ್ತು. ಅದನ್ನು ಕಂಡೂ ಕಾಣದಂತಿದ್ದೆ. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಏಳನೆಯದು ಮುಗಿಸಿ ಶಾಲೆ ಬಿಟ್ಟು ಹತ್ತಿಯ ಮಿಲ್ಲಿಗೆ ಕೂಲಿಗೆ ಹೋದ. ಬಡತನವೇ ಅವನನ್ನು ಬಿಡಿಸಿದ್ದು, ನಾನಲ್ಲ, ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಬಡತನವೆಂಬುದು ನಿಜ. ಆದರೆ ಬಡತನದ ಜೊತೆಗೆ ನಾನೂ ಒಂದು ಕೈ ಹಾಕಿದ್ದೆ.

ಕಟ್ಟೆಯ ಮೇಲೆ ಕುಳಿತು ಕಲ್ಕತ್ತೆಯ ಆ ಕಥೆ ಕೇಳಿದ ಸಂಜೆ ನನಗೆ ಊಟ ರುಚಿಸಲಿಲ್ಲ. ಆ ಹುಡುಗ ಕೇಳಿದ್ದು ಸಂಖ್ಯಾಶಾಸ್ತ್ರದ ಮೊತ್ತಮೊದಲ ಪ್ರಶ್ನೆ. ಯಾರ ಮನೆಯಲ್ಲಿಯೂ ಇಲ್ಲದ ಒಂದು ಸಂಖ್ಯೆ ಎಲ್ಲ ಮನೆಗಳ ವಿಷಯವನ್ನು ಹೇಗೆ ಹೇಳಬಲ್ಲದು? ಉತ್ತರ ನನಗೆ ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ಒಬ್ಬ ಉಪಾಧ್ಯಾಯರು ಪ್ರಶ್ನೆಯನ್ನು ಮನೆಗೆ ಕೊಂಡೊಯ್ದರು, ಇನ್ನೊಬ್ಬನು ಅದನ್ನು ಬೆಂಚಿನ ಮೇಲೆ ನಿಲ್ಲಿಸಿದನು. ನಮ್ಮಿಬ್ಬರ ನಡುವೆ ವಿದ್ಯೆಯ ಅಂತರ ಅಪಾರವೆಂಬುದು ಸರಿ. ಆದರೆ ಈ ಅಂತರ ವಿದ್ಯೆಯದಲ್ಲ.

ರಾವ್ ಅವರ ಮುಂದಿನ ಕಾರ್ಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1946ರಲ್ಲಿ ಅವರು ಕೇಂಬ್ರಿಜ್‌ಗೆ ಹೋದರು. ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ವಿಶ್ಲೇಷಿಸುತ್ತಲೇ, ಫಿಶರ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಪಡೆದರು. ಫಿಶರ್ ಅವರ ಪ್ರಯೋಗಾಲಯದಲ್ಲಿ ಇಲಿಗಳ ತಳಿ ಪರೀಕ್ಷೆಗಳಲ್ಲಿಯೂ ದುಡಿದರು. ಎಲುಬು, ಇಲಿ, ಬೆಳೆ, ಕಾರ್ಖಾನೆ, ಯಾವುದೂ ಅವರ ಗಣಿತಕ್ಕೆ ಕೀಳಾಗಿರಲಿಲ್ಲ.

ನಮ್ಮ ರೈತ ಬಂಧುಗಳಿಗೆ ಹತ್ತಿರವಾದ ಒಂದು ಕೆಲಸವುಂಟು. ಬೀಜ, ಗೊಬ್ಬರ, ನೀರು, ಸಾಲಿನ ಅಂತರ, ಈ ನಾಲ್ಕರಲ್ಲಿ ಪ್ರತಿಯೊಂದನ್ನೂ ಮೂರು ಬಗೆಯಾಗಿ ಪರೀಕ್ಷಿಸಬೇಕೆಂದರೆ ಎಲ್ಲ ಜೋಡಣೆಗಳೂ ಸೇರಿ 81 ತುಂಡು ಹೊಲ ಬೇಕು. ಅಷ್ಟು ಹೊಲವೂ ಹೊತ್ತೂ ಯಾರಿಗುಂಟು? ಒಂದರ ಪರಿಣಾಮ ಇನ್ನೊಂದನ್ನು ಅವಲಂಬಿಸಿಲ್ಲವೆಂದು ಇಟ್ಟುಕೊಂಡರೆ, ಜೋಡಣೆಗಳನ್ನು ಜಾಣತನದಿಂದ ಆರಿಸಿ 9 ತುಂಡುಗಳಲ್ಲಿಯೇ ನಾಲ್ಕರ ಗುಣವನ್ನೂ ಬೇರೆ ಬೇರೆಯಾಗಿ ಅರಿಯಬಹುದು. ಇಂತಹ ಆಯ್ಕೆಗೆ ಆಧಾರವಾದ ಆರ್ಥೋಗೊನಲ್ ಅರೇ ಎಂಬ ವ್ಯವಸ್ಥೆಯನ್ನು ರಾವ್ 1940ರ ದಶಕದಲ್ಲಿ ರೂಪಿಸಿದರು. ಮುಂದೆ ಜಪಾನಿನ ಕಾರ್ಖಾನೆಗಳಲ್ಲಿ ಸಾಮಾನುಗಳ ಗುಣಮಟ್ಟವನ್ನು ಹೆಚ್ಚಿಸಲು ಇಂತಹ ವ್ಯವಸ್ಥೆಗಳು ಬಹುವಾಗಿ ಬಳಕೆಯಾದವು.

ಅವರ ಪುಸ್ತಕದಲ್ಲಿ ನನ್ನ ಮನಸ್ಸನ್ನು ಸೆಳೆದ ಪ್ರಸಂಗ ಉಪ್ಪಿನದು. 1947ರಲ್ಲಿ ದೆಹಲಿಯಲ್ಲಿ ಗಲಭೆಗಳಾದಾಗ ಬಹು ಜನರು ಕೆಂಪು ಕೋಟೆಯಲ್ಲಿ ಆಶ್ರಯ ಪಡೆದಿದ್ದರು. ಅವರಿಗೆ ಆಹಾರ ಒದಗಿಸುತ್ತಿದ್ದ ಗುತ್ತಿಗೆದಾರರು ಕೊಟ್ಟ ಲೆಕ್ಕ ಹೆಚ್ಚೆಂದು ಸರ್ಕಾರಕ್ಕೆ ಅನುಮಾನ. ಆದರೆ ಒಳಗೆ ಹೋಗಿ ತಲೆ ಎಣಿಸುವಂತಿರಲಿಲ್ಲ. ಆಗ ಸಂಖ್ಯಾಶಾಸ್ತ್ರಜ್ಞ ಜೆ. ಎಂ. ಸೇನ್‌ಗುಪ್ತ ಅವರ ವಿಧಾನದಂತೆ ಅಕ್ಕಿ, ಬೇಳೆ, ಉಪ್ಪು ಈ ಮೂರರ ಲೆಕ್ಕವನ್ನು ಒಬ್ಬರಿಗೆ ದಿನಕ್ಕೆ ಬೇಕಾಗುವ ಪ್ರಮಾಣದಿಂದ ಭಾಗಿಸಿ ನೋಡಿದರು. ಲೆಕ್ಕ ಪ್ರಾಮಾಣಿಕವಾಗಿದ್ದರೆ ಮೂರರಿಂದಲೂ ಜನಸಂಖ್ಯೆ ಹೆಚ್ಚುಕಡಿಮೆ ಒಂದೇ ಬರಬೇಕು. ಬರಲಿಲ್ಲ. ಬೆಲೆಬಾಳುವ ಅಕ್ಕಿಯ ಲೆಕ್ಕದಿಂದ ಹೆಚ್ಚು ಜನ, ಉಪ್ಪಿನ ಲೆಕ್ಕದಿಂದ ಅತಿ ಕಡಿಮೆ ಜನ. ಅಗ್ಗದ ಉಪ್ಪಿನಲ್ಲಿ ಸುಳ್ಳು ಹೇಳಿ ಯಾರಿಗೂ ಲಾಭವಿಲ್ಲ. ಆದ್ದರಿಂದ ಉಪ್ಪಿನ ಲೆಕ್ಕವೇ ನಂಬತಕ್ಕದ್ದು ಎಂದು ತೀರ್ಮಾನಿಸಿದರು. ಈ ಕಥೆಯನ್ನು ಐದನೆಯ ತರಗತಿಯ ಮಗುವಿಗೆ ಹೇಳಿ ನೋಡಿ. ಭಾಗಾಕಾರವೆಂದರೆ ಏನು, ಅದು ಏತಕ್ಕೆ ಎಂದು ಮತ್ತೆ ವಿವರಿಸಬೇಕಾಗುವುದಿಲ್ಲ.

1949ರಲ್ಲಿ ಪ್ರಾಧ್ಯಾಪಕರಾದ ರಾವ್, ಕಲ್ಕತ್ತೆಯ ಸಂಸ್ಥೆಯಲ್ಲಿ ನಾಲ್ಕು ದಶಕಗಳ ಕಾಲ ದುಡಿದರು. 1972ರಲ್ಲಿ ಮಹಾಲನೋಬಿಸ್ ತೀರಿಕೊಂಡ ಮೇಲೆ ಅದರ ನಿರ್ದೇಶಕರೂ ಆದರು. ಅವರ ಶಿಷ್ಯರಲ್ಲೊಬ್ಬರಾದ ಎಸ್. ಆರ್. ಎಸ್. ವರದನ್ ಅವರಿಗೆ 2007ರಲ್ಲಿ ಗಣಿತದ ಏಬೆಲ್ ಪ್ರಶಸ್ತಿ ಬಂದಿತು. ಇತರರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ರಾವ್ ಅಮೆರಿಕಕ್ಕೆ ಹೋಗಿ, ಪಿಟ್ಸ್‌ಬರ್ಗ್‌ನಲ್ಲಿಯೂ 1988ರಿಂದ ಪೆನ್‌ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿಯೂ ಪಾಠ, ಸಂಶೋಧನೆಗಳನ್ನು ಮುಂದುವರಿಸಿದರು. 2001ರಲ್ಲಿ ಭಾರತ ಸರ್ಕಾರ ಪದ್ಮವಿಭೂಷಣವನ್ನಿತ್ತಿತು. 2023ರಲ್ಲಿ, ಎಪ್ಪತ್ತೆಂಟು ವರ್ಷಗಳ ಹಿಂದಿನ ಆ ಲೇಖನದ ಮಹತ್ತ್ವವನ್ನು ಎತ್ತಿಹಿಡಿದು, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿಯನ್ನು ಅವರಿಗೆ ನೀಡಲಾಯಿತು.

ಇಷ್ಟನ್ನು ಇಲ್ಲಿ ಏಕೆ ಹೇಳಿದೆನೆಂದರೆ, ಕಳೆದ ವರ್ಷ ಒಬ್ಬ ತಂದೆ ಮಗನ ವರ್ಗಾವಣೆ ಪತ್ರ ಪಡೆಯಲು ಶಾಲೆಗೆ ಬಂದಾಗ ನಾನು ಅಲ್ಲಿದ್ದೆ. ಅವರೂ ನಮ್ಮ ಹಳೆಯ ವಿದ್ಯಾರ್ಥಿಯೇ. “ಮೇಷ್ಟ್ರೇ, ಬ್ಯಾಸರ ಮಾಡ್ಕಬ್ಯಾಡ್ರಿ. ಕನ್ನಡದಾಗ ಲೆಕ್ಕ ಕಲ್ತು ನನ್ನ ಮಗ ಎಲ್ಲಿಗೆ ಹೋಗಬೇಕ್ರೀ?” ಎಂದರು. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಬೆಂಗಳೂರಿನಲ್ಲಿರುವ ನನ್ನ ಮೊಮ್ಮಕ್ಕಳೇ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವಾಗ, ಅವರಿಗೆ ಉಪದೇಶ ಮಾಡಲು ನನಗೆ ಯಾವ ಅಧಿಕಾರ? ಆದರೆ ಆ ಪ್ರಶ್ನೆಯನ್ನು ಈ ಸಲ ಮನೆಗೆ ಕೊಂಡೊಯ್ದೆ. ನನಗೆ ತೋಚಿದ ಉತ್ತರ ಇದು.

ಕನ್ನಡದಲ್ಲಿ ಓದಿದರೆ ಸಿ. ಆರ್. ರಾವ್ ಆಗಬಹುದೆಂದು ನಾನು ಹೇಳುವುದಿಲ್ಲ. ಅವರು ಬರೆದದ್ದು ಇಂಗ್ಲಿಷಿನಲ್ಲಿ. ಉನ್ನತ ಗಣಿತಕ್ಕೆ ಇಂಗ್ಲಿಷ್ ಬೇಕು. ಈ ರಾಜ್ಯದಲ್ಲಿ ಬಾಳಲು ತೆಲುಗೂ ಬೇಕು. ಆದರೆ ಎಂಟು ಹತ್ತು ವರ್ಷದ ಮಗುವಿಗೆ ‘ಏಕೆ?’ ಎಂಬುದು ಹುಟ್ಟುವುದು ಮನೆಯ ಮಾತಿನಲ್ಲಿ. ಉತ್ತರವನ್ನು ಯಾವ ಭಾಷೆಯಲ್ಲಿ ಬೇಕಾದರೂ ಬಾಯಿಪಾಠ ಮಾಡಿಸಬಹುದು. ಪ್ರಶ್ನೆಯನ್ನು ಬಾಯಿಪಾಠ ಮಾಡಿಸಲಾಗದು. ಆ ಹುಡುಗ ‘ಅರ್ಧ ಎತ್ತು ಯಾರ ಮನ್ಯಾಗ’ ಎಂದು ಕೇಳಿದ್ದು ತನ್ನ ಹಟ್ಟಿಯ ಮಾತಿನಲ್ಲಿ. ಪರಭಾಷೆಯಲ್ಲಿ ಕೇಳಬೇಕಾಗಿದ್ದರೆ ಅವನು ಬಾಯಿ ತೆರೆಯುತ್ತಲೇ ಇರಲಿಲ್ಲವೆಂದು ನಾನು ಬಲ್ಲೆ. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂದು ನಮ್ಮ ಗಾದೆ. ತಾಯಿನುಡಿ ಮೊದಲ ತರಗತಿಗಳಲ್ಲಿ ಮಾಡುವುದು ಉಪ್ಪಿನ ಕೆಲಸವನ್ನೇ. ಅದು ಊಟದ ಪೂರ್ಣತೆಯಲ್ಲ. ಅದಿಲ್ಲದೆ ಊಟ ಒಳಗೆ ಇಳಿಯದು.

ಆದರೆ ತಾಯಿನುಡಿಯ ಶಾಲೆ ಎಂಬ ಹೆಸರೊಂದೇ ಸಾಲದು. ನನ್ನ ತರಗತಿಯಲ್ಲಿ ತಾಯಿನುಡಿ ಇತ್ತು, ಪ್ರಶ್ನೆಗೆ ಜಾಗವಿರಲಿಲ್ಲ. ಕನ್ನಡ ಮಾಧ್ಯಮದಲ್ಲಿದ್ದೂ ಮಕ್ಕಳ ಬಾಯಿ ಮುಚ್ಚಿಸಿದರೆ, ಆ ತಂದೆ ಮಗನನ್ನು ಕರೆದೊಯ್ದುದು ತಪ್ಪೆನ್ನಲು ನಮಗೆ ಮುಖವಿಲ್ಲ. ಅವರ ಅಳಲಿನಲ್ಲಿ ಇನ್ನೊಂದು ಸತ್ಯಾಂಶವೂ ಉಂಟು. ನಮ್ಮಲ್ಲಿ ಲ.ಸಾ.ಅ. ಎಂದು ಕಲಿತ ಮಗು ತೆಲುಗು ಶಾಲೆಗೆ ಹೋದರೆ ಅದು ಕ.ಸಾ.ಗು., ಕಾಲೇಜಿಗೆ ಹೋದರೆ ಎಲ್.ಸಿ.ಎಂ. ವಿಷಯ ತಿಳಿದಿದ್ದೂ ಹೆಸರು ತಿಳಿಯದೆ ಎಷ್ಟೋ ಜಾಣ ಮಕ್ಕಳು ದಡ್ಡರೆನಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಇದು ಕನ್ನಡದ ದೋಷವಲ್ಲ, ಸೇತುವೆ ಕಟ್ಟದ ನಮ್ಮ ದೋಷ.

ಆದ್ದರಿಂದ ಸುವರ್ಣ ಮಹೋತ್ಸವ ಸಮಿತಿಗೂ ಹಳೆಯ ವಿದ್ಯಾರ್ಥಿಗಳಿಗೂ ಮೂರು ಮಾತುಗಳನ್ನು ಅರಿಕೆ ಮಾಡುತ್ತೇನೆ. ಮೊದಲನೆಯದು, ಶಾಲೆಯ ಮುಂದೆ ಸ್ವಾಗತ ಕಮಾನು ಕಟ್ಟಿಸಬೇಕೆಂಬ ಯೋಜನೆ. ಕಮಾನು ಬೇಡವೆನ್ನಲಾರೆ; ಅದಕ್ಕಾಗಿ ಹಣ ಕೊಟ್ಟವರ ಅಭಿಮಾನ ದೊಡ್ಡದು. ಆದರೆ ಕಮಾನಿನ ಕೆಳಗೆ ಹಾದುಹೋಗಲು ಮಕ್ಕಳು ಬೇಕಲ್ಲವೇ? ಉಪಾಧ್ಯಾಯರ ಹುದ್ದೆ ತೆರವಾದಾಗ ತುಂಬಲು ವಿಳಂಬವಾಗುವುದನ್ನು ನಾವೆಲ್ಲ ಬಲ್ಲೆವು. ಅಂತಹ ವೇಳೆಯಲ್ಲಿ ಗಣಿತ ಹೇಳುವವರೊಬ್ಬರಿಗೆ ಗೌರವಧನ ಕೊಡಲು ಆ ಹಣವನ್ನು ನಿಧಿಯಾಗಿಡಬಾರದೇಕೆ? ಎರಡನೆಯದು, ಇಂಜಿನಿಯರರೂ ಬ್ಯಾಂಕಿನವರೂ ಲೆಕ್ಕಪತ್ರದವರೂ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಒಂದು ಗಂಟೆ ತರಗತಿಗೆ ಬರಲಿ. ಗಣಿತದ ಪದಗಳನ್ನು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲಿಯೂ ಬರೆದ ಹಲಗೆಯೊಂದನ್ನು ಪ್ರತಿ ಕೋಣೆಯಲ್ಲಿ ತೂಗುಹಾಕಲಿ. ಮೂರನೆಯದು, ಶನಿವಾರದ ಕೊನೆಯ ಗಂಟೆಯನ್ನು ಮಕ್ಕಳ ಪ್ರಶ್ನೆಗಳಿಗಾಗಿಯೇ ಮೀಸಲಿಡಿರಿ. ಉತ್ತರ ತಿಳಿಯದಿದ್ದರೆ ಉಪಾಧ್ಯಾಯರು ‘ನನಗೆ ತಿಳಿಯದು, ಸೋಮವಾರ ಹೇಳುತ್ತೇನೆ’ ಎನ್ನಲಿ. ಇದಕ್ಕೆ ಖರ್ಚಿಲ್ಲ. ಆದರೆ ಮೂರರಲ್ಲಿ ಕಷ್ಟವಾದುದು ಇದೇ ಎಂಬುದನ್ನು ಅನುಭವದಿಂದ ಹೇಳುತ್ತೇನೆ.

ಆ ಹಳೆಯ ಹುಡುಗ ಇಂದು ಐವತ್ತು ದಾಟಿದವನು. ಮೊಮ್ಮಕ್ಕಳನ್ನು ಕಂಡಿದ್ದರೂ ಕಂಡಿರಬಹುದು. ಅವನ ಹೆಸರನ್ನು ನಾನು ಬರೆಯುವುದಿಲ್ಲ; ಈ ಪುಟವನ್ನು ಓದಿದರೆ ಅವನಿಗೇ ತಿಳಿಯುತ್ತದೆ. ಅಂದು ಕೊಡದ ಉತ್ತರವನ್ನು ಈಗ ಕೊಡುತ್ತೇನಪ್ಪ. ಆ ಅರ್ಧ ಎತ್ತು ಯಾರ ಮನೆಯಲ್ಲಿಯೂ ಇಲ್ಲ. ಸರಾಸರಿ ಎಂಬುದು ಮನೆಯ ಮಾತಲ್ಲ, ಊರಿನ ಮಾತು. ಯಾರ ಹಟ್ಟಿಯಲ್ಲಿ ನಾಲ್ಕಿವೆ, ಯಾರ ಗೂಟ ಬರಿದಾಗಿದೆ ಎಂಬುದನ್ನು ಅದು ಹೇಳದು. ಅದನ್ನು ತಿಳಿಯಬೇಕಾದರೆ ನಿನ್ನಂತೆ ಎದ್ದುನಿಂತು ‘ಯಾರ ಮನೆಯಲ್ಲಿ?’ ಎಂದು ಕೇಳಲೇಬೇಕು. ನಿನ್ನ ಪ್ರಶ್ನೆ ಸರಿಯಾಗಿತ್ತು. ಬೆಂಚಿನ ಮೇಲೆ ನಿಲ್ಲಿಸಿದ್ದು ನನ್ನ ತಪ್ಪು.

ಮಹೋತ್ಸವದ ದಿನ ನೀನು ಬರಬೇಕು. ನಿನ್ನ ಮೊಮ್ಮಕ್ಕಳಿದ್ದರೆ ಅವರನ್ನೂ ಕರೆತಾ. ಶಾಲೆಗೆ, ಅದನ್ನು ಕಟ್ಟಿದ ಹಿರಿಯರಿಗೆ, ಇಂದು ಅಲ್ಲಿ ಪಾಠ ಹೇಳುತ್ತಿರುವ ನನ್ನ ಕಿರಿಯ ಸಹೋದ್ಯೋಗಿಗಳಿಗೆ, ಕಲಿಯುತ್ತಿರುವ ಮಕ್ಕಳಿಗೆ ಶುಭವನ್ನು ಕೋರಿ ವಿರಮಿಸುತ್ತೇನೆ.